ಕಿಕ್‌ಬಾಕ್ಸಿಂಗ್‌ನಿಂದ ತೂಕ ಇಳಿಸುವವರಿಗೆ: ರೌಂಡ್ ಲೆಕ್ಕ, ಪಾದದ ತಿರುವು

ತೂಕ ಇಳಿಸಲೆಂದು ಕರಾಟೆಗೋ ಕಿಕ್‌ಬಾಕ್ಸಿಂಗ್‌ಗೋ ಸೇರುವವರು ಮೊದಲು ಕೇಳುವುದು, ಗಂಟೆಗೆ ಎಷ್ಟು ಕ್ಯಾಲೊರಿ ಕರಗುತ್ತದೆ ಎಂದು. 70 ಕೆಜಿ ತೂಕದವರು ಹೊಸಬರ ನಿಧಾನಗತಿಯಲ್ಲಿ ಅಭ್ಯಾಸ ಮಾಡಿದರೆ ಸುಮಾರು 370. ಪಳಗಿದವರ ವೇಗದಲ್ಲಿ ಮಾಡಿದರೆ 700ರ ಆಸುಪಾಸು. ಗಂಟೆ ಒಂದೇ, ಖರ್ಚು ಹೆಚ್ಚುಕಡಿಮೆ ದುಪ್ಪಟ್ಟು. ಅರ್ಧ ಹೊತ್ತು ಸಾಲಿನಲ್ಲಿ ಸರದಿ ಕಾಯುತ್ತಾ ನಿಂತರೆ ಆ 370 ಕೂಡ ಸಿಗುವುದಿಲ್ಲ.

ಹಾಗಾಗಿ ಗಂಟೆ ಬಿಟ್ಟು ರೌಂಡ್ ಲೆಕ್ಕ ಇಡಿ. ಹತ್ತು ನಿಮಿಷ ವಾರ್ಮ್‌ಅಪ್ ಆದಮೇಲೆ 2 ನಿಮಿಷ ಗುದ್ದು-ಒದೆತ, 1 ನಿಮಿಷ ಬಿಡುವು. ಆರಂಭಕ್ಕೆ ಇಂಥ 6 ರೌಂಡ್ ಸಾಕು. ಬಿಡುವಿನಲ್ಲಿ ಕೂರದೆ ನಡೆದಾಡಿ. ರೌಂಡ್ ಮುಗಿದಾಗ ನಾಲ್ಕೈದು ಪದಕ್ಕೇ ಉಸಿರು ಕಟ್ಟಬೇಕು, ಬಿಡುವು ಮುಗಿಯುವಷ್ಟರಲ್ಲಿ ಒಂದು ಪೂರ್ತಿ ವಾಕ್ಯ ಆಡುವಂತಾಗಬೇಕು. ಆಗದಿದ್ದರೆ ಬಿಡುವು ಹೆಚ್ಚಿಸಿ. ವಾರಕ್ಕೆ 3 ದಿನ, ನಡುವೆ ಒಂದೊಂದು ದಿನ ವಿಶ್ರಾಂತಿ. ತಿಂಗಳಾದ ಮೇಲೆ ರೌಂಡನ್ನು 3 ನಿಮಿಷಕ್ಕೆ ಏರಿಸಬಹುದು.

ಈ ಲೆಕ್ಕವನ್ನೆಲ್ಲ ಕೆಡಿಸುವುದು ಮೊಣಕಾಲು. ಒಳ್ಳೆಯ ಉತ್ಸಾಹದಿಂದ ಬಂದವರು ಎರಡನೇ ವಾರಕ್ಕೇ ಕುಂಟುತ್ತಾ ಮನೆ ಸೇರುವುದನ್ನು ನೋಡಿದರೆ ಸಂಕಟವಾಗುತ್ತದೆ, ಏಕೆಂದರೆ ಅದನ್ನು ತಪ್ಪಿಸಬಹುದು. ರೌಂಡ್‌ಹೌಸ್ ಕಿಕ್‌ನಲ್ಲಿ, ಅಂದರೆ ಸೊಂಟ ತಿರುಗಿಸಿ ಬದಿಯಿಂದ ಬೀಸುವ ಒದೆತದಲ್ಲಿ, ಎಲ್ಲರ ಗಮನ ಒದೆಯುವ ಕಾಲಿನ ಮೇಲೆ. ಪೆಟ್ಟಾಗುವುದು ನಿಂತ ಕಾಲಿಗೆ. ಸೊಂಟ ತಿರುಗಿದರೂ ಪಾದ ನೆಲಕ್ಕೆ ಕಚ್ಚಿಕೊಂಡಿದ್ದರೆ ಆ ತಿರುಚೆಲ್ಲ ಮೊಣಕಾಲಿನ ಕೀಲಿಗೆ ಬೀಳುತ್ತದೆ. ಮೈತೂಕ ಹೆಚ್ಚಿದ್ದಷ್ಟೂ ಹೊರೆ ಹೆಚ್ಚು. ಹಿಮ್ಮಡಿಯನ್ನು ತುಸು ಎತ್ತಿ ಪಾದದ ಮುಂಭಾಗದ ಮೇಲೆ ತಿರುಗಿ. ಒದೆತ ತಾಗುವ ಹೊತ್ತಿಗೆ ನಿಂತ ಕಾಲಿನ ಹಿಮ್ಮಡಿ ಗುರಿಯ ಕಡೆಗಿರಬೇಕು. ಗೋಡೆಗೆ ಕೈ ಊರಿ, ಒದೆಯದೆ, ಬರೀ ಈ ತಿರುವನ್ನೇ ಎರಡೂ ಕಾಲಿಗೆ 20 ಸಲ ಮಾಡಿ. ಮೊದಲ ತಿಂಗಳು ಒದೆತ ಸೊಂಟದ ಎತ್ತರ ದಾಟುವುದು ಬೇಡ. ನೆಲಕ್ಕೆ ಗಟ್ಟಿಯಾಗಿ ಅಂಟುವ ರಬ್ಬರ್ ತಳದ ಶೂ ಹಾಕಿ ಒದೆಯುವುದಂತೂ ಬೇಡವೇ ಬೇಡ.

ಪಂಚಿಂಗ್ ಬ್ಯಾಗ್‌ಗೆ ಗುದ್ದುವಾಗ ಹೆಬ್ಬೆರಳು ಮುಷ್ಟಿಯ ಹೊರಗಿರಲಿ, ಮಣಿಕಟ್ಟು ನೇರವಿರಲಿ, ತೋರುಬೆರಳು ಮತ್ತು ನಡುಬೆರಳಿನ ಗೆಣ್ಣು ಮೊದಲು ತಾಗಲಿ. ಗ್ಲೌಸ್ ಒಳಗೆ 4.5 ಮೀಟರ್‌ನ ಹ್ಯಾಂಡ್ ರ್ಯಾಪ್ (ಕೈಗೆ ಸುತ್ತುವ ಬಟ್ಟೆಪಟ್ಟಿ) ಸುತ್ತಿರಿ. ದಣಿದು ಮಣಿಕಟ್ಟು ಬಾಗತೊಡಗಿದರೆ ಬ್ಯಾಗ್ ಬಿಟ್ಟು ಗಾಳಿಯಲ್ಲಿ ಗುದ್ದಿ ರೌಂಡ್ ಮುಗಿಸಿ.

ತರಗತಿ ಮುಗಿದೊಡನೆ ತೂಕ 1 ಕೆಜಿ ಇಳಿದಿದ್ದರೆ ಅದು ಬಹುಪಾಲು ಬೆವರಾಗಿ ಹೋದ ನೀರು, ಕುಡಿದರೆ ವಾಪಸ್. ಪ್ಲಾಸ್ಟಿಕ್ ಸೂಟ್ ತೊಟ್ಟು ಬೆವರಿಳಿಸುವುದು ಅಪಾಯ. 1 ಕೆಜಿ ಕೊಬ್ಬು ಕರಗಲು ಸುಮಾರು 7,700 ಕ್ಯಾಲೊರಿ ಕೊರತೆ ಬೇಕು. ಹೊಸಬರ ಗತಿಯಲ್ಲಿ ಒಂದೊಂದು ಗಂಟೆಯ 3 ತರಗತಿಯಿಂದ ವಾರಕ್ಕೆ ಬರುವುದು ಸುಮಾರು 1,100. ಊಟ ಬದಲಾಗದಿದ್ದರೆ ಒಂದು ಕೆಜಿಗೆ ಏಳೆಂಟು ವಾರ ಹಿಡಿಯುತ್ತದೆ. ಊಟದಲ್ಲಿ ದಿನಕ್ಕೆ 350 ಕಡಿಮೆ ಮಾಡಿದರೆ ವಾರಕ್ಕೆ ಅರ್ಧ ಕೆಜಿಯ ಹತ್ತಿರ ಬರುತ್ತೀರಿ. ತೂಕವನ್ನು ವಾರಕ್ಕೊಮ್ಮೆ ಬೆಳಗ್ಗೆ, ಏನೂ ತಿನ್ನುವ ಮುಂಚೆ ನೋಡಿ. ಹೊಕ್ಕುಳ ಮಟ್ಟದಲ್ಲಿ ಟೇಪ್ ಹಿಡಿದು ಸೊಂಟದ ಅಳತೆಯನ್ನೂ ಪಕ್ಕದಲ್ಲೇ ಬರೆದಿಡಿ.