ಅಜ್ಜನ ಕೋವಿ, ಮೊಮ್ಮಗಳ ಕೆನ್ನೆ

ಕಾಫಿ ಕೊಯ್ಲು ಮುಗಿದು ಕೈಗೆ ಒಂದಿಷ್ಟು ದುಡ್ಡು ಬಂತು ಅಂದ್ರೆ ನನ್ನ ಫೋನು ಜಾಸ್ತಿ ಬಡಿದುಕೊಳ್ಳುತ್ತದೆ. "ಮೇಷ್ಟ್ರೇ, ಮಗನಿಗೆ ಟ್ರ್ಯಾಪ್ ಶೂಟಿಂಗ್ ಕಲಿಸ್ಬೇಕು. ಯಾವ ಕೋವಿ ತಗೊಳ್ಳೋದು? ಇಟಲೀದೇ ಆಗ್ಬೇಕಾ?" ಮೂಡಿಗೆರೆ, ಕೊಪ್ಪ, ಆಲ್ದೂರು, ಆಚೆ ಸಕಲೇಶಪುರ, ಎಲ್ಲ ಕಡೆಯಿಂದಲೂ ಇದೇ ಪ್ರಶ್ನೆ. ಟ್ರ್ಯಾಪ್ ಅಂದರೆ ಹಾರುವ ತಟ್ಟೆಗೆ ಕೋವಿಯಿಂದ ಹೊಡೆಯುವ ಆಟ. ನನ್ನ ಉತ್ತರವೂ ಒಂದೇ. ಮನೆಯಲ್ಲಿರುವ ಕೋವಿ ತನ್ನಿ, ಲೈಸೆನ್ಸ್ ಪುಸ್ತಕ ತನ್ನಿ, ಹೊಡೆಯುವವರನ್ನೂ ಕರೆತನ್ನಿ. ಮೊದಲು ಮೂರನ್ನೂ ನೋಡೋಣ.

ಪುಸ್ತಕ ಯಾಕೆ ಅಂತ ಕೆಲವರು ಮುಖ ಸಿಂಡರಿಸುತ್ತಾರೆ. ಸ್ವಂತ ಕೋವಿಗೆ ಲೈಸೆನ್ಸ್ ಬೇಕೆಂದರೆ 21 ವರ್ಷ ತುಂಬಿರಬೇಕು. ಬೆಳೆ ಕಾಯಲು ಕೊಟ್ಟ ಲೈಸೆನ್ಸ್ ಎಲ್ಲಿಯವರೆಗೆ ನಡೆಯುತ್ತದೆ ಅಂತ ಅದರಲ್ಲೇ ಬರೆದಿರುತ್ತದೆ. ತೋಟದ ಬೇಲಿಯೊಳಗಿನ ಕೋವಿಯನ್ನು ಜೀಪಿನ ಹಿಂದೆ ಹಾಕಿಕೊಂಡು ಇನ್ನೊಂದು ಜಿಲ್ಲೆಯ ಶೂಟಿಂಗ್ ರೇಂಜಿಗೆ ಹೊರಟುಬಿಟ್ಟರೆ ಕ್ರೀಡೆ ಶುರುವಾಗುವ ಮೊದಲೇ ಕೇಸು ಶುರುವಾಗುತ್ತದೆ.

ಈಗಿನ ಹುಡುಗರು ಇನ್ನೊಂದು ಕೇಳುತ್ತಾರೆ. ಮೊಬೈಲಿನಲ್ಲಿ ನೋಡಿರುತ್ತಾರೆ, ಸೊಂಟದಿಂದ ಪಿಸ್ತೂಲು ಎಳೆದು, ಗೋಡೆ ಮರೆಯಿಂದ ಮರೆಗೆ ಓಡುತ್ತಾ ಹಲಗೆಗಳಿಗೆ ಹೊಡೆಯುವ ಆಟ. ಅದಕ್ಕೆ ಪ್ರಾಕ್ಟಿಕಲ್ ಶೂಟಿಂಗ್ ಅನ್ನುತ್ತಾರೆ. ಅದರ ಅಂತರರಾಷ್ಟ್ರೀಯ ಒಕ್ಕೂಟ ಐಪಿಎಸ್‌ಸಿ ಶುರುವಾದದ್ದು 1976ರಲ್ಲಿ, ಅಮೆರಿಕದ ಮಿಸೌರಿ ರಾಜ್ಯದ ಕೊಲಂಬಿಯಾ ಊರಿನಲ್ಲಿ. ಅಲ್ಲಿ ಗಳಿಸಿದ ಅಂಕವನ್ನು ತೆಗೆದುಕೊಂಡ ಸಮಯದಿಂದ ಭಾಗಿಸುತ್ತಾರೆ. ನಿಧಾನವಾಗಿ ಸರಿ ಹೊಡೆದರೂ ಸೋಲು, ಬೇಗ ತಪ್ಪು ಹೊಡೆದರೂ ಸೋಲು. ಚೆಂದದ ಆಟವೇ. ಆದರೆ ಆ ಆಟದ ಮೈದಾನದಲ್ಲಿ ಹೆಚ್ಚಿನವರ ಕೈಲಿ ಕಾಣುವುದು 9 ಎಂಎಂ ಪಿಸ್ತೂಲು. ನಮ್ಮಲ್ಲಿ ಅದು ಪ್ರೊಹಿಬಿಟೆಡ್ ಬೋರ್, ಅಂದರೆ ನಿಷೇಧಿತ ಅಳತೆಯ ನಳಿಗೆ. ನನಗೂ ನಿಮಗೂ ಸಾಮಾನ್ಯ ಲೈಸೆನ್ಸಿನ ಮೇಲೆ ಸಿಗುವುದಿಲ್ಲ. ಹಾಗಾಗಿ ಮಲೆನಾಡಿನವರಿಗೆ ಕೈಗೆಟುಕುವುದು 12 ಬೋರಿನ ಕೋವಿ, ಹಾರುವ ತಟ್ಟೆ. ಹೆಚ್ಚಿನವರ ಮನೆಯಲ್ಲಿ ಅರ್ಧ ಸಾಮಾನು ಆಗಲೇ ಇದೆ, ಅಲ್ವಾ?

ಕಳೆದ ವರ್ಷ ಮೂಡಿಗೆರೆ ಕಡೆಯಿಂದ ಒಬ್ಬ ಹುಡುಗಿ ಬಂದಳು. ಇಪ್ಪತ್ಮೂರು ವರ್ಷ. ಅಜ್ಜ ತೀರಿಕೊಂಡ ಮೇಲೆ ಕೋವಿ ಅವಳ ಹೆಸರಿಗಾಗಿತ್ತು. ಹಳೆ ಇಂಗ್ಲಿಷ್ ಕೋವಿ, ಅಕ್ಕಪಕ್ಕ ಜೋಡಿ ನಳಿಗೆ. ಹಸಿರು ಕ್ಯಾನ್‌ವಾಸ್ ಚೀಲದಲ್ಲಿ ಸುತ್ತಿ, ಮಗುವನ್ನು ತಂದ ಹಾಗೆ ತಂದಿದ್ದಳು. "ಸಾರ್, ಇದು ನಡೆಯುತ್ತಾ, ಹೊಸದು ತಗೋಬೇಕಾ?"

ಇಂಥ ಕೋವಿ ಬಂದಾಗ ನಾನು ಮೊದಲು ನಳಿಗೆ ಕಳಚಿ ಬುಡವನ್ನು ಮೇಲೆ ಮಾಡಿ ಹಿಡಿಯುತ್ತೇನೆ. ಚಪ್ಪಟೆ ಜಾಗದಲ್ಲಿ ಪ್ರೂಫ್ ಮುದ್ರೆಗಳಿರುತ್ತವೆ, ಅಂದರೆ ಕೋವಿಯನ್ನು ಪರೀಕ್ಷಿಸಿ ಒತ್ತಿದ ಗುರುತುಗಳು. ಅಲ್ಲಿ ತೋಟಾ, ಅಂದರೆ ಕಾರ್ಟ್ರಿಜ್, ಕೂರುವ ಗೂಡಿನ ಉದ್ದ 2¾ ಇಂಚು ಅಂತಿದ್ದರೆ 70 ಎಂಎಂ ತೋಟಾ ನಡೆಯುತ್ತದೆ. 2½ ಅಂತಿದ್ದರೆ ನಡೆಯುವುದಿಲ್ಲ. ಇಲ್ಲೊಂದು ಮೋಸವಿದೆ. 70 ಎಂಎಂ ತೋಟಾ 2½ ಇಂಚಿನ ಗೂಡಿನೊಳಗೂ ಸಲೀಸಾಗಿ ಕೂರುತ್ತದೆ. ಯಾಕೆಂದರೆ ತೋಟಾದ ಮೇಲೆ ಬರೆದ ಅಳತೆ ಅದರ ಬಾಯಿ ಬಿಚ್ಚಿಕೊಂಡ ಮೇಲಿನದು. ಹೊಡೆಯುವ ಮೊದಲು ಬಾಯಿ ಮಡಚಿಕೊಂಡು ಗಿಡ್ಡವಾಗಿರುತ್ತದೆ. ಸಿಡಿದಾಗ ಬಾಯಿ ಬಿಚ್ಚಲು ಜಾಗ ಸಾಲದೆ ನಳಿಗೆ ಕಿರಿದಾಗುವ ಕಡೆ ಹೋಗಿ ಅಡ್ಡ ನಿಲ್ಲುತ್ತದೆ, ಒತ್ತಡ ಏರುತ್ತದೆ. "ನಮ್ಮಪ್ಪ ಇದರಲ್ಲೇ ಹೊಡೀತಿದ್ರು, ಏನೂ ಆಗಿಲ್ಲ" ಅನ್ನುವವರಿಗೆ ನಾನು ಉತ್ತರ ಕೊಡುವುದು ಬಿಟ್ಟಿದ್ದೇನೆ. ನಳಿಗೆಯ ಕಬ್ಬಿಣದ ಮೇಲೆ ಹಾವಿನ ಪೊರೆಯಂತೆ ಸುರುಳಿ ಗೆರೆ ಕಂಡರೆ ಅದು ಡಮಾಸ್ಕಸ್ ನಳಿಗೆ. ಈಗಿನ ಮದ್ದಿಗೆ ಮಾಡಿದ್ದಲ್ಲ. ಗೋಡೆಗೆ ಚೆಂದ.

ಆಮೇಲೆ ಬೆಳಕಿಗೆ ಹಿಡಿದು ನಳಿಗೆಯ ಒಳಗೆ ನೋಡಬೇಕು. ನಮ್ಮ ಮಳೆಗೆ ಕನ್ನಡಕದ ಡಬ್ಬಿಯೇ ಬೂಷ್ಟು ಹಿಡಿಯುತ್ತದೆ, ಇನ್ನು ಕಬ್ಬಿಣ ಬಿಡುತ್ತದೆಯೇ? ತುಕ್ಕು ಕೆರೆದ ಮೇಲೆ ಉಳಿಯುವ ಗುಳಿಗಳು ಬುಡದ ಹತ್ತಿರ ಆಳವಾಗಿದ್ದರೆ ಆ ಕೋವಿಯನ್ನು ಪಕ್ಕಕ್ಕಿಡಿ. ಹುಡುಗಿಯ ಕೋವಿಯಲ್ಲಿ ಮುದ್ರೆ 2¾ ಇತ್ತು, ಒಳಗೆ ಕನ್ನಡಿ. ಅಜ್ಜ ಜೋಪಾನ ಮಾಡಿದ್ದರು.

ಹಾಗಾದರೆ ತೊಂದರೆ ಎಲ್ಲಿ? ರೇಂಜಿನಲ್ಲಿ ಮೊದಲ 25 ತಟ್ಟೆಗಳಲ್ಲಿ ಅವಳು ಒಡೆದದ್ದು ನಾಲ್ಕು. ಉಳಿದವು ಹಾಗೇ ತೇಲಿಕೊಂಡು ಹೋಗಿ ಹುಲ್ಲಿನಲ್ಲಿ ಬಿದ್ದವು.

ಟ್ರ್ಯಾಪಿನಲ್ಲಿ ತಟ್ಟೆ ಹಾರುವುದು ಹೊಡೆಯುವವರ ಮುಂದೆ 15 ಮೀಟರ್ ದೂರದ ಗುಂಡಿಯಿಂದ. ನಮ್ಮಿಂದ ದೂರ ಹೋಗುತ್ತದೆ, ಹೋಗುತ್ತಾ ಮೇಲೇರುತ್ತದೆ. ಎಡಕ್ಕೋ ಬಲಕ್ಕೋ ನೆಟ್ಟಗೋ ಗೊತ್ತಿರುವುದಿಲ್ಲ. ತಟ್ಟೆಯ ಅಗಲ 11 ಸೆಂಟಿಮೀಟರ್, ತೂಕ 105 ಗ್ರಾಂ. ಮಣ್ಣಿನ ತಟ್ಟೆ ಅನ್ನುತ್ತೇವೆ, ಆದರೆ ಅದರಲ್ಲಿರುವುದು ಸುಣ್ಣಕಲ್ಲಿನ ಪುಡಿ ಮತ್ತು ಡಾಂಬರಿನಂಥ ಪಿಚ್. ಮೊದಲ ಈಡು ಬೀಳುವ ಹೊತ್ತಿಗೆ ಅದು 35 ಮೀಟರ್ ಆಸುಪಾಸಿನಲ್ಲಿರುತ್ತದೆ. ಕೊಡಗಿನ ಆಯುಧಪೂಜೆ ಹಬ್ಬ ಕೈಲ್‌ಪೊಳ್ದ್‌ನಲ್ಲಿ ತೆಂಗಿನಕಾಯಿಗೆ ಹೊಡೆಯುವಾಗ ಕಣ್ಣು ಕಿರಿದು ಮಾಡಿ, ಉಸಿರು ಹಿಡಿದು ಗುರಿ ಇಡಬಹುದು. ಇಲ್ಲಿ ಅದಕ್ಕೆ ಹೊತ್ತಿಲ್ಲ. ನೋಡಿದ ಕಡೆಗೆ ಕೋವಿ ತಾನಾಗಿ ಹೋಗಬೇಕು.

ಕೋವಿಯ ಮುಂದಿನ ಗುರಿ ಮೂತಿಯ ಮೇಲಿನ ಮಣಿ. ಹಿಂದಿನ ಗುರಿ ಎಲ್ಲಿದೆ? ಇಲ್ಲ. ನಿಮ್ಮ ಕಣ್ಣೇ ಹಿಂದಿನ ಗುರಿ. ಕಣ್ಣು ಎಲ್ಲಿ ಕೂರಬೇಕು ಅನ್ನುವುದನ್ನು ತೀರ್ಮಾನಿಸುವುದು ಕೆನ್ನೆ ಒರಗುವ ಮರ, ಅಂದರೆ ಸ್ಟಾಕ್. ರೈಫಲ್ಲಿನಲ್ಲಿ ತಿರುಪು ತಿರುಗಿಸಿ ಗುರಿ ಸರಿಮಾಡಿದ ಹಾಗೆ ಇಲ್ಲಿ ಮರವನ್ನು ಸರಿಮಾಡಬೇಕು.

ಹುಡುಗಿಗೆ ಖಾಲಿ ಕೋವಿ ಕೊಟ್ಟೆ. ಎರಡೂ ನಳಿಗೆ ತೆರೆದು ತೋರಿಸಿದೆ, ಅವಳೂ ನೋಡಿದಳು. ಕಣ್ಣು ಮುಚ್ಚಿ ಹೆಗಲಿಗೇರಿಸು, ಕೆನ್ನೆ ಒರಗಿಸು, ಈಗ ಕಣ್ಣು ಬಿಡು. "ಏನು ಕಾಣುತ್ತೆ?"

"ಮಣಿ ಕಾಣಲ್ಲ ಸಾರ್. ಇಲ್ಲೇ ಹತ್ತಿರದ ಕಬ್ಬಿಣ ಕಾಣುತ್ತೆ."

ಅಷ್ಟೇ. ಅಜ್ಜ ಎತ್ತರದ ಆಳು, ಉದ್ದ ಕುತ್ತಿಗೆ, ಗಟ್ಟಿ ಕೆನ್ನೆ. ಅವರ ಕಾಲದ ಕೋವಿಗಳ ಮರ ತುಂಬಾ ಇಳಿಜಾರು. ತಲೆ ಎತ್ತಿಕೊಂಡು ಹೊಡೆಯುವುದು ಆಗಿನ ರೂಢಿ. ಇವಳದು ತೆಳು ಮುಖ. ಕೆನ್ನೆ ಒರಗಿಸಿದರೆ ಕಣ್ಣು ನಳಿಗೆಗಿಂತ ಕೆಳಗೆ ಇಳಿಯುತ್ತಿತ್ತು. ಹಿಂದಿನ ಗುರಿ ತಗ್ಗಿದರೆ ಈಡೂ ತಗ್ಗುತ್ತದೆ. ಮೇಲೇರುವ ತಟ್ಟೆಗೆ ತಗ್ಗಿನ ಈಡು! ನಾಲ್ಕು ಒಡೆದದ್ದೇ ಹೆಚ್ಚು.

ಎಷ್ಟು ತಗ್ಗು ಅಂತ ಕಾಗದದ ಮೇಲೆ ನೋಡಬೇಕು. ನಾನು ಹಳೆ ಫ್ಲೆಕ್ಸ್ ಬ್ಯಾನರಿನ ಬಿಳಿ ಬೆನ್ನು ಬಳಸುತ್ತೇನೆ. ಅಗ್ಗ, ಅಗಲ, ಗಾಳಿಗೆ ಹರಿಯುವುದಿಲ್ಲ. (ಮುಂಬದಿಯಲ್ಲಿ ಯಾರ ಮುಖ ಇದೆ ಅಂತ ಮೊದಲೇ ನೋಡಿಕೊಳ್ಳಿ. ಒಮ್ಮೆ ನೋಡದೆ ಕಟ್ಟಿ, ಉತ್ತರ ಕೊಟ್ಟು ಸಾಕಾಗಿ ಹೋಯಿತು.) ನಡುವೆ ಅಂಗೈಯಗಲದ ಕಪ್ಪು ಚುಕ್ಕೆ. ರೇಂಜಿನಲ್ಲಿ 15 ಮೀಟರ್ ದೂರ ನಿಲ್ಲಿಸಿ, ಗುರಿ ಇಡಲು ಬಿಡದೆ, ಹೆಗಲಿಗೇರಿಸಿದ ಕೂಡಲೇ ಹೊಡೆಯಲು ಹೇಳಿದೆ. ಐದಾರು ಈಡಿನ ಚರೆ, ಅಂದರೆ ತೋಟಾದೊಳಗಿನ ಸಣ್ಣ ಕಾಳು, ಒಂದರ ಮೇಲೊಂದು ಬಿದ್ದಾಗ ನಡುಭಾಗ ಹರಿದು ತೂತಾಗುತ್ತದೆ. ಅವಳ ತೂತು ಚುಕ್ಕೆಗಿಂತ ನಾಲ್ಕು ಬೆರಳು ಕೆಳಗಿತ್ತು.

ಆಮೇಲಿನ ಕೆಲಸಕ್ಕೆ ಬೇಕಾದದ್ದು ಹಳೆ ಸೈಕಲ್ ಟ್ಯೂಬು, ಕತ್ತರಿ, ಎಲೆಕ್ಟ್ರಿಷಿಯನ್ನರ ಕಪ್ಪು ಟೇಪು. ಕೆನ್ನೆ ಒರಗುವ ಏಣಿನ ಮೇಲೆ ಟ್ಯೂಬಿನ ಪಟ್ಟಿ ಇಟ್ಟು ಟೇಪು ಸುತ್ತಿದೆ. ಒಂದು ಪದರ, ಎರಡು ಪದರ, ಒಟ್ಟು ಸುಮಾರು 4 ಮಿಲಿಮೀಟರ್. ಲೆಕ್ಕ ಸುಲಭ. ಕಣ್ಣಿನಿಂದ ಮಣಿಗೆ ಹತ್ತಿರ ಹತ್ತಿರ 90 ಸೆಂಟಿಮೀಟರ್. 35 ಮೀಟರ್ ಅಂದರೆ ಅದರ 39 ಪಟ್ಟು. ಕೆನ್ನೆಯ ಕೆಳಗಿನ 4 ಮಿಲಿಮೀಟರ್ ಅಲ್ಲಿ 15 ಸೆಂಟಿಮೀಟರಿಗೂ ಜಾಸ್ತಿಯಾಗುತ್ತದೆ. ತಟ್ಟೆಯ ಅಗಲ 11. ಇಷ್ಟು ಗೊತ್ತಾದ ಮೇಲೆ ಯಾರಿಗೂ ಹೊಸ ಕೋವಿಯ ಕ್ಯಾಟಲಾಗ್ ಮೊದಲು ತೆರೆಯಲು ಮನಸ್ಸು ಬರುವುದಿಲ್ಲ.

ಮತ್ತೆ ಫ್ಲೆಕ್ಸ್. ತೂತು ಚುಕ್ಕೆಗೆ ಬಂತು, ಕೂದಲೆಳೆ ಮೇಲೆಯೇ ಅನ್ನಿ. ಟ್ರ್ಯಾಪಿಗೆ ಹಾಗೇ ಇರಬೇಕು, ತಟ್ಟೆ ಏರುತ್ತಿರುತ್ತದಲ್ಲ. ಅವತ್ತಿನ ಕೊನೆಯ 25ರಲ್ಲಿ ಅವಳು 13 ಒಡೆದಳು. ನಾನು ಅವಳಿಗೆ ಹೊಡೆಯುವುದರ ಬಗ್ಗೆ ಒಂದು ಮಾತೂ ಹೇಳಿಕೊಟ್ಟಿರಲಿಲ್ಲ.

ಎತ್ತರದ ಜೊತೆ ಉದ್ದವೂ ಬೇಕು. ಕುದುರೆಯಿಂದ, ಅಂದರೆ ಟ್ರಿಗರಿನಿಂದ, ಮರದ ಬುಡಕ್ಕೆ ಇರುವ ಅಳತೆ. ಕಾರ್ಖಾನೆಯಿಂದ 14, 14½ ಇಂಚಿನ ಆಸುಪಾಸು ಬರುತ್ತದೆ. ಮೊಳಕೈ ಮಡಚಿ ಅಳೆಯುವ ಪದ್ಧತಿಯನ್ನು ನಾನು ನಂಬುವುದಿಲ್ಲ. ಹೆಗಲಿಗೇರಿಸಿದಾಗ ಮೂಗಿಗೂ ಹಿಡಿದ ಕೈಯ ಹೆಬ್ಬೆರಳಿಗೂ ನಡುವೆ ಎರಡು ಬೆರಳು ಹೋಗಬೇಕು. ಕಡಿಮೆಯಾದರೆ ಪ್ರತಿ ಈಡಿಗೂ ಹೆಬ್ಬೆರಳು ಮೂಗಿಗೆ ಗುದ್ದುತ್ತದೆ. ಇದು ನನ್ನ ಸ್ವಂತ ಮೂಗಿನ ಅನುಭವ. ಹುಡುಗಾಟದಲ್ಲಿ ನಮ್ಮಪ್ಪನ ಕೋವಿಯ ಮರವನ್ನು ಬಡಗಿಯ ಗರಗಸದಲ್ಲಿ ಒಂದು ಇಂಚು ಕೊಯ್ದೆ. ಅರ್ಧ ಇಂಚು ಸಾಕಿತ್ತು. ಮರ ಕೊಯ್ಯಬಹುದು, ಬೆಳೆಸಲು ಆಗುವುದಿಲ್ಲ. ರಬ್ಬರ್ ಪ್ಯಾಡ್ ಹಾಕಿ ಸರಿಮಾಡಿದೆವು. ಅಪ್ಪ ಆರು ತಿಂಗಳು ಮಾತಾಡಲಿಲ್ಲ. ಆಮೇಲಿಂದ ನಾನು ಮೊದಲು ಪ್ಯಾಡ್, ಟೇಪು, ರಟ್ಟು, ಇಂಥ ತೆಗೆದುಹಾಕಬಹುದಾದ್ದರಲ್ಲೇ ಆಟ ಆಡುವುದು. ಒಂದೆರಡು ತಿಂಗಳು ಹೊಡೆದು ಅಳತೆ ನಿಂತ ಮೇಲಷ್ಟೇ ಕೋವಿ ಕೆಲಸ ಗೊತ್ತಿದ್ದವರ ಕೈಗೆ ಮರ.

ಕಣ್ಣಿನದ್ದೂ ಒಂದು ವಿಷಯ. ಬಲಗೈಯವರೆಲ್ಲ ಬಲಗಣ್ಣಿನವರಲ್ಲ. ಕೈ ಚಾಚಿ, ಎರಡೂ ಕಣ್ಣು ತೆರೆದು ಬೆರಳಿನಿಂದ ದೂರದ ಸಿಲ್ವರ್ ಮರವೊಂದನ್ನು ತೋರಿಸಿ. ಈಗ ಎಡಗಣ್ಣು ಮುಚ್ಚಿ. ಬೆರಳು ಮರದ ಮೇಲೇ ಇದ್ದರೆ ಬಲಗಣ್ಣು ಯಜಮಾನ. ಪಕ್ಕಕ್ಕೆ ಹಾರಿದರೆ ಎಡಗಣ್ಣು. ಬಲ ಹೆಗಲು, ಎಡಗಣ್ಣು ಇರುವವರಿಗೆ ಎಷ್ಟು ಲಕ್ಷದ ಕೋವಿ ಕೊಟ್ಟರೂ ಈಡು ಪಕ್ಕಕ್ಕೇ. ಚಿಕ್ಕವರಾದರೆ ಎಡ ಹೆಗಲಿಗೆ ಬದಲಿಸಿ ಅನ್ನುತ್ತೇನೆ. ದೊಡ್ಡವರಿಗೆ ಕನ್ನಡಕದ ಎಡಗಾಜಿನ ಮೇಲೆ ಬಟನ್ನಿನಷ್ಟು ಟೇಪು.

ಕುದುರೆ ಬಿಗಿಯಾಗಿದೆ ಅಂತ ಮನೆಯಲ್ಲಿ ಅರ ತೆಗೆದುಕೊಂಡು ಉಜ್ಜಬೇಡಿ. ತೂಗಿ ನೋಡುವುದು ಬೇರೆ, ಕೊಕ್ಕೆಯ ಸ್ಪ್ರಿಂಗ್ ತಕ್ಕಡಿ ಸಾಕು. ಒಂದೂವರೆ, ಎರಡು ಕೆಜಿಗೆ ಬಿಡಬೇಕು. ತೋಟದ ಕೋವಿಗಳು ಮೂರು ಕೆಜಿವರೆಗೂ ಹೋಗುತ್ತವೆ. ಅದನ್ನು ಇಳಿಸುವುದು ತಿಳಿದವರ ಕೆಲಸ. ತಪ್ಪಿದರೆ ಕೋವಿ ಮುಚ್ಚುವಾಗಲೇ ಈಡು ಹಾರುತ್ತದೆ.

ತೋಟಾ ಮಾತ್ರ ಮನೆಯದ್ದು ನಡೆಯುವುದಿಲ್ಲ. ಹಂದಿ ಓಡಿಸಲು ಇಟ್ಟ ಎಲ್‌ಜಿ, ಎಸ್‌ಜಿ ಅನ್ನುವ ದಪ್ಪ ಕಾಳಿನ ತೋಟಾ ತಂದವರನ್ನು ರೇಂಜಿನ ಗೇಟಿನಲ್ಲೇ ವಾಪಸ್ ಕಳಿಸುತ್ತಾರೆ. ಎಲ್‌ಜಿಯಲ್ಲಿ ಇರುವುದು ಆರೇ ಆರು ದಪ್ಪ ಕಾಳು, ಎಲ್ಲಿಯವರೆಗೆ ಹೋಗುತ್ತದೋ ಹೇಳಲಾಗದು. ಸ್ಪರ್ಧೆಯ ನಿಯಮ 24 ಗ್ರಾಂ ಚರೆ, ಕಾಳಿನ ದಪ್ಪ 2.6 ಮಿಲಿಮೀಟರ್ ದಾಟಬಾರದು. ಕಾಳು ಏಳೂವರೆ ನಂಬರಿನದ್ದಾದರೆ ಒಂದು ತೋಟಾದಲ್ಲಿ ಸುಮಾರು 300 ಕಾಳು. ಅವು ಎಷ್ಟು ಹರಡಬೇಕು ಅನ್ನುವುದು ನಳಿಗೆಯ ತುದಿಯ ಬಿಗಿತ, ಚೋಕ್. 40 ಗಜದಲ್ಲಿ 30 ಇಂಚಿನ ವೃತ್ತದೊಳಗೆ ಫುಲ್ ಚೋಕ್ ನೂರಕ್ಕೆ 70 ಕಾಳು ಇಡುತ್ತದೆ, ಚೋಕ್ ಇಲ್ಲದ ನಳಿಗೆ 40. ಹಳೆ ಜೋಡಿ ನಳಿಗೆಯಲ್ಲಿ ಸಾಮಾನ್ಯವಾಗಿ ಬಲದ್ದು ಸಡಿಲ, ಎಡದ್ದು ಬಿಗಿ. ಮೊದಲ ಈಡು ಹತ್ತಿರಕ್ಕೆ, ಎರಡನೆಯದು ದೂರಕ್ಕೆ. ಟ್ರ್ಯಾಪಿಗೆ ಇದು ಒಪ್ಪುತ್ತದೆ. ಅಡ್ಡ ಹಾರುವ ತಟ್ಟೆಗೆ ಹತ್ತಿರದಿಂದ ಹೊಡೆಯುವ ಸ್ಕೀಟ್ ಆಟಕ್ಕೆ ಎರಡೂ ಸಡಿಲ ಇರಲಿ.

ಹಾಗಂತ ಅಜ್ಜನ ಕೋವಿಯೇ ಕೊನೆವರೆಗೂ ಸಾಕು ಅಂತ ನಾನು ಹೇಳುವುದಿಲ್ಲ. ಅವಳ ಕೋವಿ 3 ಕೆಜಿಯೂ ತೂಗುವುದಿಲ್ಲ. ದಿನಕ್ಕೆ 100 ಈಡು ಹೊಡೆದರೆ ಹೆಗಲು ಹಸಿರಾಗುತ್ತದೆ. ಅಕ್ಕಪಕ್ಕದ ನಳಿಗೆಯ ಒದೆತ ಕೋವಿಯನ್ನು ಸ್ವಲ್ಪ ಪಕ್ಕಕ್ಕೂ ತಿರುಗಿಸುತ್ತದೆ. ಟ್ರ್ಯಾಪಿನವರು ಹಿಡಿಯುವ ಮೇಲೆ-ಕೆಳಗೆ ನಳಿಗೆಯ ಕೋವಿ ಮೂರೂವರೆ ಕೆಜಿಗೂ ಜಾಸ್ತಿ, ನಳಿಗೆ 30 ಇಂಚು, ಕೆನ್ನೆ ಮರವನ್ನು ತಿರುಪಿನಿಂದಲೇ ಏರಿಸಿ ಇಳಿಸಬಹುದು. ಕೆಳಗಿನ ನಳಿಗೆ ಮೊದಲು ಹೊಡೆಯುವುದರಿಂದ ಒದೆತ ನೇರ ಹೆಗಲಿಗೆ ಬರುತ್ತದೆ, ಮೂತಿ ಜಾಸ್ತಿ ಹಾರುವುದಿಲ್ಲ. ಅರೆ ಸ್ವಯಂಚಾಲಿತ ಕೋವಿಗೂ ನಿಯಮದಲ್ಲಿ ಜಾಗವಿದೆ, ಪಂಪ್ ಆಕ್ಷನ್ನಿಗೆ ಇಲ್ಲ. ಪಂಪ್ ತಗೊಂಡು ಆಮೇಲೆ ನನ್ನ ಹತ್ತಿರ ಬಂದವರಿದ್ದಾರೆ, ಅದಕ್ಕೇ ಹೇಳಿದೆ. ಆದರೆ ಹೊಸದು ಕೊಳ್ಳುವ ದಿನ ನಿಮ್ಮ ಅಳತೆ ನಿಮಗೆ ಗೊತ್ತಿರಬೇಕು. ಅಂಗಡಿಯವರು ಯಾವುದನ್ನೇ ಹೆಗಲಿಗೆ ಕೊಟ್ಟರೂ "ಇದು ಗಿಡ್ಡ, ಇದು ತಗ್ಗು" ಅನ್ನಲು ಬರಬೇಕು. ಆ ಹುಡುಗಿಗೆ ಈಗ ಬರುತ್ತದೆ.

ಮೊನ್ನೆ ಅವಳ ಫೋನು. ಚುನಾವಣೆ ಘೋಷಣೆಯಾಗಿ, ಎಲ್ಲರ ಹಾಗೆ ಅವಳ ಕೋವಿಯೂ ಠಾಣೆಯಲ್ಲಿದೆ. ಸ್ಪರ್ಧೆಗೆ ಹೋಗುವವರು ವಿನಾಯಿತಿಗೆ ಅರ್ಜಿ ಹಾಕಬಹುದು ಅಂತ ಹೇಳಿದ್ದೆ, ಅವಳು ಮರೆತಿದ್ದಾಳೆ. "ಪರವಾಗಿಲ್ಲ ಸಾರ್, ಕಾಫಿ ಗಿಡದ ಗೂಟಕ್ಕೆ ಟ್ಯೂಬು ಸುತ್ತಿ, ಕನ್ನಡಿ ಮುಂದೆ ದಿನಾ ಐವತ್ತು ಸಲ ಹೆಗಲಿಗೇರಿಸ್ತಿದ್ದೀನಿ. ಆದ್ರೆ ಒಂದು ಡೌಟು. ಠಾಣೆಯವರು ಆ ಟೇಪು ಕಿತ್ತು ಹಾಕಲ್ಲ ತಾನೆ?"