ತುಟಿ ಕೂಡಬೇಕಾದರೆ ಆರ್‌ಎನ್‌ಎ ಸರಿಯಾಗಿ ಕೂಡಬೇಕು

ಮೂಗಿನ ಕೆಳಗೆ, ಮೇಲ್ದುಟಿಯ ನಡುವೆ ಬೆರಳಿಟ್ಟು ನೋಡಿ. ಸಣ್ಣದೊಂದು ತಗ್ಗು, ಅದರ ಎರಡೂ ಬದಿಗೆ ಚಿಕ್ಕ ಏಣು. ಆ ಏಣುಗಳು ಸುಮ್ನೆ ಬಂದವಲ್ಲ. ಬೇರೆ ಬೇರೆಯಾಗಿ ಬೆಳೆದ ಭಾಗಗಳು ಬಂದು ಕೂಡಿಕೊಂಡ ಜಾಗ ಅದು. 4ನೇ ವಾರದ ಭ್ರೂಣಕ್ಕೆ ಮುಖವೇ ಇರುವುದಿಲ್ಲ. ಬಾಯಿ ಬರಬೇಕಾದ ಕಡೆ ಸುತ್ತಲೂ ಐದು ಉಬ್ಬುಗಳು, ಅಷ್ಟೇ. 7ನೇ ವಾರದ ಹೊತ್ತಿಗೆ ಮೇಲ್ದುಟಿ ಒಂದಾಗಿರುತ್ತದೆ.

ಅಂಗುಳದ ಕತೆ ಇನ್ನೂ ಸೊಗಸು. ಎರಡು ಮಡಿಕೆಗಳು ಮೊದಲು ನಾಲಿಗೆಯ ಅಕ್ಕಪಕ್ಕ ಕೆಳಮುಖವಾಗಿ ಬೆಳೆಯುತ್ತವೆ. ಆಮೇಲೆ ಮೇಲಕ್ಕೆದ್ದು, ನಾಲಿಗೆಯ ಮೇಲೆ ಅಡ್ಡಲಾಗಿ ಚಾಚಿ, ಒಂದನ್ನೊಂದು ಮುಟ್ಟುತ್ತವೆ. ಮುಟ್ಟಿದರೆ ಸಾಲದು. ನಡುವೆ ಸಿಕ್ಕಿಕೊಂಡ ಹೊರಪದರದ ಜೀವಕೋಶಗಳು ಇಲ್ಲವಾಗಬೇಕು. ಆಗಲೇ ಒಳಗಿನ ಭಾಗ ಬೆಸೆದುಕೊಳ್ಳುವುದು. ಎಲ್ಲೋ ಒಂದು ಹಂತ ತಪ್ಪಿದರೆ ಸೀಳುತುಟಿ, ಸೀಳು ಅಂಗುಳ. ಪ್ರಪಂಚದಲ್ಲಿ ಸುಮಾರು 700 ಮಕ್ಕಳಿಗೆ ಒಂದು ಮಗು ಹೀಗೆ ಹುಟ್ಟುತ್ತದೆ.

ಇಷ್ಟೆಲ್ಲ ಆಗಬೇಕಾದರೆ ಹೊರಪದರವೂ ಒಳಪದರವೂ ಮಾತಾಡಿಕೊಳ್ಳುತ್ತಲೇ ಇರಬೇಕು. ಆರ್‌ಎನ್‌ಎ ಸ್ಪ್ಲೈಸಿಂಗ್‌ನ ಕೆಲಸ ಇರುವುದು ಇಲ್ಲೇ.

ಜೀನ್‌ನಿಂದ ನಕಲಾಗಿ ಬಂದ ಆರ್‌ಎನ್‌ಎಯಲ್ಲಿ ನಡುನಡುವೆ ಬೇಡದ ತುಂಡುಗಳಿರುತ್ತವೆ. ಅವು ಇಂಟ್ರಾನ್‌ಗಳು. ಅವನ್ನು ಕತ್ತರಿಸಿ ತೆಗೆದು, ಬೇಕಾದ ಎಕ್ಸಾನ್‌ಗಳನ್ನು ಜೋಡಿಸುವುದೇ ಸ್ಪ್ಲೈಸಿಂಗ್. 1977ರಲ್ಲಿ ಇದನ್ನು ಕಂಡುಹಿಡಿದ ಫಿಲಿಪ್ ಶಾರ್ಪ್ ಮತ್ತು ರಿಚರ್ಡ್ ರಾಬರ್ಟ್ಸ್ ಅವರಿಗೆ 1993ರಲ್ಲಿ ನೊಬೆಲ್ ಬಂತು. ಜೋಡಿಸುವಾಗ ಆಯ್ಕೆಯೂ ಉಂಟು. ಯಾವ ಎಕ್ಸಾನ್ ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು ಎನ್ನುವುದರ ಮೇಲೆ ಒಂದೇ ಜೀನ್‌ನಿಂದ ಬೇರೆ ಬೇರೆ ಪ್ರೋಟೀನ್ ಬರುತ್ತದೆ.

ಎಫ್‌ಜಿಎಫ್‌ಆರ್2 ಎಂಬ ಪ್ರೋಟೀನ್ ತಗೊಳ್ಳಿ. ಜೀವಕೋಶದ ಮೇಲೆ ಕೂತು ಹೊರಗಿನ ಸಂದೇಶ ಹಿಡಿಯುವುದು ಇದರ ಕೆಲಸ. ಇದರ ಜೀನ್‌ನ ಎಕ್ಸಾನ್‌ಗಳಲ್ಲಿ ಎರಡು ಒಟ್ಟಿಗೆ ಬರುವುದಿಲ್ಲ. ಅದಿದ್ದರೆ ಇದಿಲ್ಲ, ಇದಿದ್ದರೆ ಅದಿಲ್ಲ. ಹೊರಪದರ ಒಂದನ್ನು ಆರಿಸಿಕೊಳ್ಳುತ್ತದೆ, ಒಳಪದರ ಇನ್ನೊಂದನ್ನು. ಒಳಪದರ ಕಳಿಸುವ ಎಫ್‌ಜಿಎಫ್10 ಎಂಬ ಸಂದೇಶ ಹೊರಪದರದ ರೂಪಕ್ಕೆ ಮಾತ್ರ ಚೆನ್ನಾಗಿ ಹೊಂದುತ್ತದೆ. ಹೊರಪದರದಲ್ಲಿ ಈ ಆಯ್ಕೆ ತಪ್ಪದಂತೆ ನೋಡಿಕೊಳ್ಳುವುದು ಇಎಸ್‌ಆರ್‌ಪಿ1, ಇಎಸ್‌ಆರ್‌ಪಿ2 ಎಂಬ ಪ್ರೋಟೀನ್‌ಗಳು. ಇಲಿಗಳಲ್ಲಿ ಇಎಸ್‌ಆರ್‌ಪಿ1 ತೆಗೆದರೆ ಮರಿಗಳು ಸೀಳುತುಟಿ, ಸೀಳು ಅಂಗುಳದೊಂದಿಗೆ ಹುಟ್ಟುತ್ತವೆ. ಮಗು ಹೀಗೆ ಹುಟ್ಟಿದಾಗ ತಾಯಿಯನ್ನು ದೂರುವವರು ಜಾಸ್ತಿ. ಅವಳು ಕೂತದ್ದು ನಿಂತದ್ದಕ್ಕೂ ಈ ಕತ್ತರಿ ಕೆಲಸಕ್ಕೂ ಏನೂ ಸಂಬಂಧವಿಲ್ಲ.

ನನ್ನನ್ನು ಜಾಸ್ತಿ ಕಾಡುವ ಪ್ರಶ್ನೆ ಬೇರೆ. ಕತ್ತರಿಸಿ ಜೋಡಿಸುವ ಯಂತ್ರಕ್ಕೆ ಸ್ಪ್ಲೈಸಿಯೋಸೋಮ್ ಎನ್ನುತ್ತಾರೆ. ನೂರಕ್ಕೂ ಹೆಚ್ಚು ಪ್ರೋಟೀನ್‌ಗಳ ಈ ಯಂತ್ರ ದೇಹದ ಎಲ್ಲ ಕಡೆಯೂ ಬೇಕು. ಆದರೆ ಅದರ ಎಸ್‌ಎಫ್3ಬಿ4 ಎಂಬ ಭಾಗದ ಜೀನ್ ಕೆಟ್ಟರೆ ನೇಗರ್ ಸಿಂಡ್ರೋಮ್ ಬರುತ್ತದೆ. ದವಡೆ ಚಿಕ್ಕದಾಗುತ್ತದೆ, ಕೆನ್ನೆಯ ಮೂಳೆ ಸರಿಯಾಗಿ ಬೆಳೆಯುವುದಿಲ್ಲ, ಹೆಬ್ಬೆರಳಿಗೂ ತೊಂದರೆ. ಇಎಫ್‌ಟಿಯುಡಿ2 ಎಂಬ ಇನ್ನೊಂದು ಭಾಗ ಕೆಟ್ಟರೂ ದವಡೆ, ಕೆನ್ನೆಗೇ ಪೆಟ್ಟು, ತಲೆಯೂ ಚಿಕ್ಕದು. ಎಲ್ಲ ಬಿಟ್ಟು ಮುಖಕ್ಕೇ ಯಾಕೆ?

ಮುಖದ ಮೂಳೆಗಳಲ್ಲಿ ಹೆಚ್ಚಿನವನ್ನು ಕಟ್ಟುವುದು, ಭ್ರೂಣದ ಬೆನ್ನಿನ ಕಡೆ ಹುಟ್ಟುವ ನ್ಯೂರಲ್ ಕ್ರೆಸ್ಟ್ ಜೀವಕೋಶಗಳು. ಅವು ಬೇಗ ಬೇಗ ಹೆಚ್ಚಬೇಕು, ದೂರ ನಡೆದು ಬರಬೇಕು. ಇಲಿಗಳಲ್ಲಿ ಈ ಜೀವಕೋಶಗಳಿಂದ ಇಎಫ್‌ಟಿಯುಡಿ2 ತೆಗೆದು ನೋಡಿದ್ದಾರೆ. ಎಂಡಿಎಂ2 ಎಂಬ ಜೀನ್‌ನ ಆರ್‌ಎನ್‌ಎಯಲ್ಲಿ ಒಂದು ಎಕ್ಸಾನ್ ಬಿಟ್ಟುಹೋಗುತ್ತಿತ್ತು. ಎಂಡಿಎಂ2 ಸಾಮಾನ್ಯವಾಗಿ ಪಿ53 ಎಂಬ ಪ್ರೋಟೀನನ್ನು ಹಿಡಿತದಲ್ಲಿಡುತ್ತದೆ. ಹಿಡಿತ ಸಡಿಲಿದಾಗ ಪಿ53 ಏರಿ ಜೀವಕೋಶಗಳು ಸಾಯತೊಡಗುತ್ತವೆ. ಪಿ53 ತಡೆಯುವ ಔಷಧಿ ಕೊಟ್ಟಾಗ ಮರಿಗಳ ಮುಖದ ತೊಂದರೆ ಪೂರ್ತಿ ಅಲ್ಲದಿದ್ದರೂ ಒಂದಷ್ಟು ತಪ್ಪಿತು.