ಬಚ್ಚಲ ಅಳತೆ ಹೊರಗಿನ ಗುಂಡಿಯಿಂದ ಶುರು

ಬಚ್ಚಲುಮನೆ ಹೊಸದು ಮಾಡಿಸುವವರು ನಮ್ಮಂಥ ಪ್ಲಂಬರ್‌ಗಳನ್ನು ಕರೆಯುವುದು ಹೆಚ್ಚಾಗಿ ಟೈಲ್ಸ್ ಬಂದು ಜಗಲಿಯಲ್ಲಿ ಕೂತ ಮೇಲೆ. ತೀರ್ಥಹಳ್ಳಿ ಹತ್ತಿರದ ಒಂದು ಮನೆಯಲ್ಲೂ ಹಾಗೆಯೇ ಆಯಿತು. ಹಿತ್ತಲ ಕಡೆಯ ಹಳೆಯ ಬಚ್ಚಲಿಗೆ ಮೂರು ಮೆಟ್ಟಿಲು ಇಳಿಯಬೇಕು. ಮಂಡಿನೋವಿನ ತಾಯಿಗೆ ಅದು ಆಗದು. ಅವರು ಮಲಗುವ ಕೋಣೆಯ ಪಕ್ಕದ ಉಗ್ರಾಣವನ್ನೇ ಸ್ನಾನದ ಮನೆ ಮಾಡುವುದೆಂದು ಮಗ ನಿಶ್ಚಯಿಸಿದ್ದರು. "ಕಮೋಡ್ ಈ ಮೂಲೆಗೆ, ಬೇಸಿನ್ ಬಾಗಿಲ ಪಕ್ಕ. ನೀವು ಪೈಪು ತಂದುಕೊಡಿ, ಸಾಕು" ಎಂದರು. ನಾನು ಉಗ್ರಾಣಕ್ಕೆ ಕಾಲಿಡುವ ಮೊದಲು ಹಿತ್ತಲಿಗೆ ಹೋಗಿ, ಹೋಗುವ ನೀರಿನ ಪೈಪು ಬಂದು ಸೇರುವ ಗುಂಡಿಯ, ಅಂದರೆ ಚೇಂಬರಿನ, ಮುಚ್ಚಳ ತೆಗೆಸಿದೆ.

ಬರುವ ನೀರಿಗೆ ಒತ್ತಡವಿದೆ. ಗೋಡೆ ಹತ್ತಿಯಾದರೂ, ಮಾಡು ಸುತ್ತಿಯಾದರೂ ನಲ್ಲಿಗೆ ಬರುತ್ತದೆ. ಹೋಗುವ ನೀರಿಗೆ ವಾಟ, ಅಂದರೆ ಪೈಪಿನ ಇಳಿಜಾರು, ಅದೊಂದೇ ಗತಿ. ಅಡಿಗೆ ಕಾಲಿಂಚು ವಾಟ ಹಿಡಿದರೆ ಆ ಮೂಲೆಯಿಂದ ಚೇಂಬರಿಗಿದ್ದ 18 ಅಡಿಗೆ ನಾಲ್ಕೂವರೆ ಇಂಚು ಇಳಿತ ಬೇಕು. 110 ಮಿ.ಮೀ. ಪೈಪಿನ ದಪ್ಪವೇ ನಾಲ್ಕು ಇಂಚು ದಾಟುತ್ತದೆ. ಅದರ ಮೇಲೆ ಕಾಂಕ್ರೀಟು, ಟೈಲ್ಸ್ ಸೇರಿ ಇನ್ನೆರಡೂವರೆ ಇಂಚು. ಒಟ್ಟು 11 ಇಂಚಿಗೂ ಹೆಚ್ಚು. ಪಾರದರ್ಶಕ ಪೈಪಿಗೆ ನೀರು ತುಂಬಿ ಮಟ್ಟ ಹಿಡಿದು ನೋಡಿದಾಗ, ಉಗ್ರಾಣದ ನೆಲಕ್ಕೂ ಚೇಂಬರಿಗೆ ಪೈಪು ಸೇರುವ ಜಾಗಕ್ಕೂ ಸಿಕ್ಕಿದ್ದು ಬರೀ ಏಳು ಇಂಚು.

"ನೆಲ ಎತ್ತರಿಸಿದರೆ?" ಎಂದರು ಮಗ. ಎತ್ತರಿಸಬಹುದು. ಆದರೆ ತಾಯಿಗೆ ಮೆಟ್ಟಿಲು ತಪ್ಪಿಸಲು ಹೊರಟವರು ಬಾಗಿಲಲ್ಲೇ ಹೊಸ ಮೆಟ್ಟಿಲು ಕಟ್ಟಿದಂತಾಗುತ್ತದೆ. ಅದಕ್ಕೆ ನಾನು ಒಪ್ಪಲಿಲ್ಲ.

ಕಮೋಡಿನ ಟ್ರ್ಯಾಪಿನಲ್ಲಿ, ಅಂದರೆ ನೀರು ನಿಲ್ಲುವ ಬಾಗಿನಲ್ಲಿ, ಎರಡು ಬಗೆ. ಎಸ್ ಟ್ರ್ಯಾಪ್ ಆದರೆ ಮಲಿನ ನೀರು ನೆಲದೊಳಕ್ಕೆ ಇಳಿಯುತ್ತದೆ. ಪಿ ಟ್ರ್ಯಾಪ್ ಆದರೆ ನೆಲದಿಂದ ಸುಮಾರು ಏಳು ಇಂಚು ಮೇಲೆ ಗೋಡೆಯಿಂದ ನೇರ ಹೊರಗೆ ಹೋಗುತ್ತದೆ. ಕಮೋಡನ್ನು ಹೊರಗೋಡೆಗೆ ತಾಗಿಸಿ ಪಿ ಟ್ರ್ಯಾಪ್ ಇಟ್ಟೆವು. ಗೋಡೆಯಾಚೆ ಹೊಸ ಚೇಂಬರ್ ಕಟ್ಟಿ, ಅಲ್ಲಿಂದ ಅಂಗಳದ ಇಳಿಜಾರಿನಲ್ಲೇ ಹಿತ್ತಲ ಚೇಂಬರಿಗೆ ಪೈಪು ಒಯ್ದೆವು. ನಮ್ಮ ಗುಡ್ಡದ ನೆಲ ಇಂಥ ಕಡೆ ಬಹಳ ಉಪಕಾರಿ. ಬೇಸಿನ್ ಮಾತ್ರ ಮಗ ಹೇಳಿದಲ್ಲೇ ಉಳಿಯಿತು. ಅದರ ಸಣ್ಣ ಪೈಪಿಗೆ ಜಾಗ ಹೊಂದಿಸುವುದು ಕಷ್ಟವಲ್ಲ.

ತಿರುವಿನಲ್ಲಿ 90 ಡಿಗ್ರಿಯ ಒಂದು ಬೆಂಡ್ ಬದಲು 45 ಡಿಗ್ರಿಯ ಎರಡು ಹಾಕಿಸಿ, ಕಟ್ಟಿಕೊಳ್ಳುವುದು ಕಡಿಮೆ. ಗಾಳಿಪೈಪನ್ನು ಮಾಡಿನ ಮೇಲಕ್ಕೆ ಒಯ್ಯಿರಿ. ಅದಿಲ್ಲದಿದ್ದರೆ ಫ್ಲಶ್ ಮಾಡಿದಾಗ ಬಚ್ಚಲ ನೆಲದ ನೀರು ಇಳಿಯುವ ನಹಾನಿ ಟ್ರ್ಯಾಪಿನಲ್ಲಿ ನಿಂತ ನೀರನ್ನು ಪೈಪು ಎಳೆದುಕೊಳ್ಳಬಹುದು. ವಾಸನೆ ತಡೆಯುವುದು ಆ ಎರಡಿಂಚು ನೀರೇ.

ಇನ್ನು ಬರುವ ನೀರು. ಹಳೆಯ ಮಣ್ಣಿನ ಗೋಡೆ ಕೊರೆದು ಪೈಪು ಹುಗಿಸಲು ಯಾರು ಹೇಳಿದರೂ ನಾನು ಹುಗಿಸುವುದಿಲ್ಲ. ಮನೆಗೆ ನೀರು ಬರುವ ಗುಡ್ಡದ ಅಬ್ಬಿ (ಒರತೆ) ಮನೆಗಿಂತ 30 ಮೀಟರ್ ಮೇಲಿದ್ದರೆ, ನಲ್ಲಿ ಮುಚ್ಚಿದಾಗ ಪ್ರತಿ ಜೋಡಣೆಯ ಮೇಲೂ ಚದರ ಸೆಂಟಿಮೀಟರಿಗೆ ಸುಮಾರು ಮೂರು ಕೆ.ಜಿ. ಒತ್ತಡ ಹಗಲು ರಾತ್ರಿ ಕೂತಿರುತ್ತದೆ. ಒಳಗೊಂದು ಜೋಡಣೆ ಜಿನುಗಿತೆಂದುಕೊಳ್ಳಿ. ಆಷಾಢದಲ್ಲಿ ಊರಿನ ಗೋಡೆಗಳೆಲ್ಲ ಥಂಡಿ ಹಿಡಿದಿರುವಾಗ ಇದು ಮಳೆಯದೋ ಪೈಪಿನದೋ ತಿಳಿಯುವುದೇ ಇಲ್ಲ. ತಿಳಿಯುವಷ್ಟರಲ್ಲಿ ಗೋಡೆಯ ಬುಡ ಕರಗಿರುತ್ತದೆ. ಕ್ಲಾಂಪ್ ಹಾಕಿ ಗೋಡೆಯ ಮೇಲೆಯೇ ಎಳೆಯಿರಿ. ಚೆಂದ ಸ್ವಲ್ಪ ಕಡಿಮೆಯಾಗುತ್ತದೆ, ನಿಜ. ಬಿಸಿನೀರಿಗೆ ಸಿಪಿವಿಸಿ ಪೈಪೇ ಇರಲಿ, ಅಂಟೂ ಅದರದ್ದೇ ಇರಲಿ. ಹಂಡೆಯ ಕುದಿನೀರಿಗೆ ಸಾದಾ ಪಿವಿಸಿ ಮೆತ್ತಗಾಗಿ ಜೋಲುತ್ತದೆ.

ಸೂರಿನ ನೀರನ್ನು ಈ ಚೇಂಬರಿಗೆ ಖಂಡಿತ ಬಿಡಬೇಡಿ. ಮಳೆಗಾಲದಲ್ಲಿ ಒರತೆ ಎದ್ದು, ಚೇಂಬರಿನ ನೀರು ಹೋಗಿ ಸೇರುವ ಇಂಗುಗುಂಡಿ ಮೊದಲೇ ತುಂಬಿರುತ್ತದೆ. ಮೇಲಿಂದ ಮಾಡಿನ ನೀರೂ ಸೇರಿದರೆ ಕಮೋಡಿನಲ್ಲಿ ನೀರು ಮೇಲೇರುತ್ತದೆ. ಸ್ನಾನದ ನೀರನ್ನು ಬೇರೆ ಪೈಪಿನಲ್ಲಿ ಬಾಳೆಯ ಬುಡಕ್ಕೆ ಬಿಟ್ಟರೆ ಗುಂಡಿಗೂ ಹಗುರ.

ಪೈಪು ಮುಚ್ಚುವ ಮೊದಲು ಕೊನೆಗೆ ಬಿರಡೆ ಹಾಕಿ, ನೀರು ತುಂಬಿ, ಮಟ್ಟಕ್ಕೊಂದು ಗುರುತು ಹಾಕಿ ರಾತ್ರಿಯಿಡೀ ಬಿಟ್ಟೆವು. ಬೆಳಿಗ್ಗೆ ನೀರು ಗುರುತಿನಲ್ಲೇ ಇತ್ತು. ಬಿರಡೆ ತೆಗೆದು, ಅಂಗಳದಲ್ಲಿ ಬಿದ್ದಿದ್ದ ಒಂದು ಹಣ್ಣಡಿಕೆಯನ್ನು ಮೇಲಿನ ಬಾಯಿಗೆ ಹಾಕಿ ಅರ್ಧ ಬಕೆಟ್ ನೀರು ಸುರಿದೆ. ಹಿತ್ತಲ ಚೇಂಬರಿನ ಬಳಿ ಕುರ್ಚಿ ಹಾಕಿಸಿಕೊಂಡು ಕೂತಿದ್ದ ತಾಯಿ "ಬಂತು, ಬಂತು!" ಎಂದು ಕೂಗಿದರು. ಟೈಲ್ಸ್‌ನವರಿಗೆ ಫೋನ್ ಮಾಡಲು ಮಗನಿಗೆ ಹೇಳಿದ್ದು ಆಮೇಲೆಯೇ.